ಮುಳುಗಿಸಿದರೇ ತೇಲುವುದು

ನಮ್ಮ ಕುದ್ರುವಿಗೆ ಸೇತುವೆ ಬಂದ ದಿನವೇ ನಮ್ಮ ದೋಣಿಗೆ ನಿವೃತ್ತಿಯಾಯಿತು. ನನಗೆ ಆದದ್ದು ಹನ್ನೊಂದು ವರ್ಷ ತಡವಾಗಿ. ಬ್ಯಾಂಕಿನವರು ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಇಲ್ಲದ ಗುಣಗಳನ್ನೆಲ್ಲ ಹೊಗಳಿ ಕಳಿಸಿದರು. ದೋಣಿಗೆ ಅದೂ ಇಲ್ಲ. ಹಿತ್ತಲಿನ ಕೊಟ್ಟಿಗೆಯಲ್ಲಿ ಎರಡು ತೆಂಗಿನ ದಿಮ್ಮಿಗಳ ಮೇಲೆ ಅದನ್ನು ಕೂರಿಸಿ, ಎಂಜಿನ್ನನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೇರಿಸಿ, "ಮುಂದಿನ ರಜೆಯಲ್ಲಿ ನೋಡುವಾ" ಎಂದು ಬೆಂಗಳೂರಿನ ಬಸ್ಸು ಹತ್ತಿದವನು ನಾನೇ.

ಕುಂದಾಪುರದ ಕಡೆಯವರಿಗೆ ಕುದ್ರು ಎಂದರೇನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಗಂಗೊಳ್ಳಿಯ ಅಳಿವೆಯಲ್ಲಿ ಒಟ್ಟಾಗಿ ಕಡಲು ಸೇರುತ್ತವೆ. ಸೇರುವ ಮುಂಚೆ ಹೊಳೆ ಹರಡಿಕೊಂಡು, ನಡುನಡುವೆ ನುಂಗದೆ ಬಿಟ್ಟ ನೆಲದ ತುಂಡುಗಳೇ ಕುದ್ರುಗಳು. ಸುತ್ತ ನಾಲ್ಕೂ ಕಡೆ ನೀರು, ಬಾಯಿಗಿಟ್ಟರೆ ಉಪ್ಪು. ಶಾಲೆಗೆ, ಸಂತೆಗೆ, ಹೆರಿಗೆಗೆ, ಮದುವೆ ದಿಬ್ಬಣಕ್ಕೆ ದೋಣಿಯೇ ಗತಿ. ಅಪ್ಪ ಹೆಬ್ಬಲಸಿನ ಹಲಗೆಯಲ್ಲಿ ಮಾಡಿಸಿದ ಆ ದೋಣಿಗೆ ಎಂಟು ಕುದುರೆಯ ಬಲದ ಎಂಜಿನ್ ಸಿಕ್ಕಿಸಿದಾಗ ಇಡೀ ಕುದ್ರುವೇ ದಡದಲ್ಲಿ ನೆರೆದಿತ್ತು.

ಊರಿಗೆ ಬಂದ ಮೂರನೆಯ ದಿನ ಕೊಟ್ಟಿಗೆಗೆ ಹೋಗಿ ನೋಡಿದರೆ, ದೋಣಿ ನಿವೃತ್ತಿಯಲ್ಲಿ ನನ್ನಂತೆ ಸುಮ್ಮನೆ ಕೂತಿರಲಿಲ್ಲ. ಹಿಂದುಗಡೆ ಸೌದೆ, ನಡುವೆ ತೆಂಗಿನ ಸಿಪ್ಪೆ, ಕೂರುವ ಹಲಗೆಯ ಮೇಲೆ ಹುಣಸೆಹಣ್ಣಿನ ಭರಣಿ, ಮೂತಿಯಲ್ಲಿ ಬೈಹುಲ್ಲು, ಅದರ ಮೇಲೆ ಒಂದು ಕೆಂಪು ಹೇಂಟೆ. ಅದು ನನ್ನನ್ನು ಓರೆಗಣ್ಣಿನಿಂದ ನೋಡಿತು. ನನ್ನ ಕೌಂಟರಿನ ಮುಂದೆ ಊಟದ ಹೊತ್ತಿಗೆ ಬಂದ ಗಿರಾಕಿಗಳನ್ನು ನಾನೂ ಹಾಗೆಯೇ ನೋಡುತ್ತಿದ್ದೆ.

"ಹೇಂಟಿ ಕಾವಿಗೆ ಕೂತಿತ್ತ್. ಈಗ ದೋಣಿ ಮುಟ್ಟುಕಾಗ" ಎಂದರು ಅಮ್ಮ. ಎಂಬತ್ತನಾಲ್ಕರ ಅಮ್ಮನ ಮಾತಿಗೆ ಮೇಲ್ಮನವಿ ಇಲ್ಲ. ಮೊಟ್ಟೆ ಒಡೆಯಲು ಇಪ್ಪತ್ತೊಂದು ದಿನ. ಅಲ್ಲಿಯವರೆಗೆ ಎಂಜಿನ್ ನೋಡುವುದೆಂದಾಯಿತು.

ಅಟ್ಟದಿಂದ ಇಳಿಸಿ, ಚಿಕ್ಕಪ್ಪನ ಮಗ ಗೋಣಿಚೀಲ ಬಿಚ್ಚಿದ. ನಾನು ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಎಂಟು ಕುದುರೆಗಳಲ್ಲಿ ಒಂದೂ ಏಳಲಿಲ್ಲ, ನನ್ನ ಸೊಂಟವೊಂದು ಮಾತ್ರ ಕೆನೆಯಿತು. ಮೆಕ್ಯಾನಿಕ್ ಹುಡುಗನಿಗೆ ಹೇಳಿಕಳಿಸಿದೆ. ಆದರೆ ಅದು ಮೇ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಹತ್ತು ಅಶ್ವಶಕ್ತಿಯೊಳಗಿನ ನಾಡದೋಣಿಗಳದ್ದೇ ರಾಜ್ಯ. ಹಾಗಾಗಿ ಊರಿನ ಎಂಜಿನ್‌ಗಳೆಲ್ಲ ಅವನ ಅಂಗಳದಲ್ಲಿ ಸರದಿ ನಿಂತಿದ್ದವು. ಹೊಟ್ಟೆಪಾಡಿನ ಎಂಜಿನ್‌ಗಳ ನಡುವೆ ನನ್ನ ಚಟದ ಎಂಜಿನ್ನಿಗೆ ಕೊನೆಯ ಪಾಳಿ.

ಅವನು ಬಂದವನೇ ಕಾರ್ಬ್ಯುರೇಟರ್ ಬಿಚ್ಚಿ ಮೂಸಿ ನೋಡಿದ. ಒಳಗೆಲ್ಲ ಜೋನಿ ಬೆಲ್ಲದಂಥ ಅಂಟು. "ಚಿಮಿಣಿ ಎಣ್ಣಿಯಂಗೇ ನಿಲ್ಸಿದ್ರ್ಯಾ?" ಎಂದ. ಈ ಎಂಜಿನ್‌ಗಳದ್ದು ಎರಡು ಊಟ. ಏಳುವುದಕ್ಕೆ ಪೆಟ್ರೋಲು, ಬಿಸಿಯಾದ ಮೇಲೆ ಚಿಮಿಣಿ ಎಣ್ಣೆ. ಮಲಗಿಸುವ ಮುಂಚೆ ಮತ್ತೆ ಎರಡು ಗುಟುಕು ಪೆಟ್ರೋಲು ಕುಡಿಸಿ ಗಂಟಲು ತೊಳೆಯಬೇಕು. ಹನ್ನೊಂದು ವರ್ಷದ ಹಿಂದೆ ಬಸ್ಸಿನ ಅವಸರದಲ್ಲಿ ನಾನು ತೊಳೆಸಿರಲಿಲ್ಲ. ಆಡಿಟರ್ ಮುಂದೆಯೂ ತಗ್ಗದ ನನ್ನ ತಲೆ ಆ ಹುಡುಗನ ಮುಂದೆ ತಗ್ಗಿತು.

ಪ್ಲಗ್ ತೆಗೆದು, ಆ ತೂತಿಗೆ ಎಣ್ಣೆ ಹೊಯ್ದು, ಹಿಡಿದುಕೊಂಡಿದ್ದ ಪಿಸ್ಟನ್ ಸಡಿಲಲಿ ಎಂದು ಎರಡು ದಿನ ಬಿಟ್ಟೆವು. ನೀರೆತ್ತುವ ಪಂಪಿನ ರಬ್ಬರ್ ರೆಕ್ಕೆಗಳು ಒಂದೇ ಕಡೆಗೆ ಬಾಗಿ, ಒಣಗಿದ ಕೋಕಮ್ ಸಿಪ್ಪೆಯಂತಾಗಿದ್ದವು. ನೀರು ಹೊರಚಿಮ್ಮುವ ಸಣ್ಣ ತೂತಿನಲ್ಲಿ ಕುಂಬಾರ ಹುಳ ಮಣ್ಣಿನ ಮನೆ ಕಟ್ಟಿತ್ತು. ಕಾರ್ಬ್ಯುರೇಟರ್ ಒರೆಸುತ್ತ ಕೂತಾಗ ನನಗೆ ಓಲೆ ಎವಿನ್‌ರೂಡ್ ನೆನಪಾದ. ನಾರ್ವೆಯಲ್ಲಿ ಹುಟ್ಟಿ ಅಮೆರಿಕ ಸೇರಿದ ಈತ ಪ್ರೇಯಸಿಗೆ ಐಸ್‌ಕ್ರೀಮ್ ತರಲು ಕೆರೆಯಲ್ಲಿ ಹುಟ್ಟು ಹಾಕಿಕೊಂಡು ಹೋಗಿಬರುವಷ್ಟರಲ್ಲಿ ಅದು ಕರಗಿಹೋಯಿತಂತೆ; ಆ ಸಿಟ್ಟಿನಲ್ಲೇ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ ಮಾಡಿ 1909ರಲ್ಲಿ ಮಾರುಕಟ್ಟೆಗೆ ತಂದನೆಂದು ಕತೆ. ಅವಳು ಬೆಲ್ಲದ ಪಾನಕ ಕೇಳಿದ್ದರೆ ನಾನೀಗ ಮಧ್ಯಾಹ್ನದ ನಿದ್ದೆಯಲ್ಲಿರುತ್ತಿದ್ದೆ.

ಈ ಎಂಜಿನ್ನನ್ನು ನೀರಿಲ್ಲದೆ ಓಡಿಸಿದರೆ ಪಂಪು ಸುಟ್ಟುಹೋಗುತ್ತದೆ. ಅದಕ್ಕೇ ಬಾಯಿ ತೆರೆದ ದೊಡ್ಡ ಡ್ರಮ್ಮಿಗೆ ಬಾವಿನೀರು ತುಂಬಿ, ಎಂಜಿನ್ನಿನ ಕಾಲನ್ನು ಅದರೊಳಗೆ ಇಳಿಬಿಟ್ಟೆವು. ಹದಿನಾಲ್ಕನೆಯ ಎಳೆತಕ್ಕೆ ಅದು ಕೆಮ್ಮಿತು, ಹದಿನೇಳಕ್ಕೆ ಗುಡುಗಿತು. ನೀಲಿ ಹೊಗೆಯಲ್ಲಿ ಮನೆ, ಬಾವಿ, ತುಳಸಿಕಟ್ಟೆ ಎಲ್ಲ ಮಾಯ. ಹೊಗೆಯೊಳಗಿಂದ ಹುಡುಗನ ಕೂಗು: "ಉಚ್ಚಿ ಹೊಯ್ತಿತ್ತಾ ಕಾಣಿ!" ಆ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮಿದರೆ ಎಂಜಿನ್ ತಂಪಾಗಿದೆ ಎಂದರ್ಥ. ಚಿಮ್ಮುತ್ತಿತ್ತು, ಸಣ್ಣಗೆ, ತಡೆದು ತಡೆದು. "ಸಮ ಹೋತಿಲ್ಲೆ, ಒತ್ತಡ ಸಾಲ" ಎಂದ. ಅರವತ್ತು ದಾಟಿದ ಮೇಲೆ ನನ್ನ ಡಾಕ್ಟರರು ಕೇಳುವುದೂ ಹೇಳುವುದೂ ಇದನ್ನೇ. ಎಂಜಿನ್ನಿನ ಮೇಲೆ ನನಗೆ ಹೊಸ ಮಮತೆ ಹುಟ್ಟಿತು. ಪಂಪಿಗೆ ಹೊಸ ರಬ್ಬರ್ ಹಾಕಿಸಿದೆ. ಅದಕ್ಕಾದರೂ ಬಿಡಿಭಾಗ ಸಿಗುತ್ತದೆ.

ಇಪ್ಪತ್ತೊಂದನೆಯ ದಿನ ಏಳು ಮರಿಗಳೊಂದಿಗೆ ಹೇಂಟೆ ದೋಣಿಯಿಂದಿಳಿಯಿತು. ದೋಣಿ ಕಟ್ಟುವ ಆಚಾರ್ರು ಬಂದು ಹಲಗೆಗಳನ್ನು ಬೆರಳಿನಿಂದ ಕುಟ್ಟಿ, ಕಿವಿಯಿಟ್ಟು ಆಲಿಸಿ, ಸಂದಿಗೆ ಕಣ್ಣಿಟ್ಟು ನೋಡಿದರು. ಅತ್ತ ಕಡೆಯಿಂದ ನಾನು ನೋಡಿದೆ. ಒಬ್ಬರ ಮುಖ ಒಬ್ಬರಿಗೆ ಕಂಡಿತು. ಸಂದಿಗಳಿಗೆ ಹತ್ತಿ ತುರುಕಿ, ಗೇರುಸಿಪ್ಪೆಯ ಎಣ್ಣೆ ಬಳಿದರು. ಅದು ಒಮ್ಮೆ ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ. ನನಗೆ ಎರಡು ಬಾರಿ ತಾಗಿತು. ಕೊನೆಗೆ ಅವರು, "ಇನ್ ಮುಳ್ಗಿಸಿ. ನಾಲ್ಕ್ ದಿನ ಬಿಟ್ಟ್ ಕಾಂಬ" ಎಂದರು. ತಮಾಷೆಯಲ್ಲ. ಒಣಗಿದ ಮರ ನೀರು ಕುಡಿದು ಉಬ್ಬಿದರೆ ತಾನೇ ಸಂದಿ ಮುಚ್ಚಿಕೊಳ್ಳುತ್ತದೆ. ಕುಡಿಸದೆ ಹತ್ತಿದರೆ ದೋಣಿಯ ಜೊತೆ ನೀವೂ ಕುಡಿಯುತ್ತೀರಿ. ಮೂವತ್ತೈದು ವರ್ಷ ಮುಳುಗುವ ಸಾಲಗಳನ್ನು ತೇಲಿಸಲು ಹೆಣಗಿದ ನಾನು, ದುಡ್ಡು ಸುರಿದು ರಿಪೇರಿ ಮಾಡಿಸಿದ ದೋಣಿಯನ್ನು ಕೈಯಾರೆ ಬಕೆಟ್ಟಿನಲ್ಲಿ ನೀರು ಹೊಯ್ದು ಮುಳುಗಿಸಿದೆ.

ಕಡವಿನಲ್ಲಿ ಹಗ್ಗದ ತುದಿಯೊಂದು ಕಾಣುತ್ತಿತ್ತು, ಅಷ್ಟೆ. ಸೇತುವೆಯ ಮೇಲೆ ಹೋಗುವವರು ಬೈಕು ನಿಲ್ಲಿಸಿ ನೋಡಿ, ಮನೆಗೆ ಬಂದು ಸಮಾಧಾನ ಹೇಳಿದರು. ಬಂದವರಿಗೆಲ್ಲ ಅಮ್ಮ ಕಾಫಿ ಕೊಟ್ಟರು. ಎರಡನೆಯ ದಿನ ಮುಂಬಯಿಯಲ್ಲಿ ಹೋಟೆಲು ಇಟ್ಟಿರುವ ಭಾವನ ಫೋನು: "ಹ್ವಾಯ್, ದೋಣಿ ಮುಳ್ಗಿತಂಬ್ರಲೆ! ಜನ ಎಲ್ಲ ಉಳ್ಕಂಡ್ರ್ಯಾ?" ಮುಳುಗಿಸಿದ್ದು ನಾನೇ ಎಂದೆ. ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ರಿಟೈರಾದ್ ಮೇಲೆ ಹೊತ್ತ್ ಹೋತಿಲ್ಯಾ ಭಾವ?" ಎಂದರು.

ಐದನೆಯ ದಿನ ಭರತದ ನೀರಿನಲ್ಲಿ ಹೊರಟೆವು. ತಳದಲ್ಲಿ ನೀರು ಜಿನುಗುತ್ತಿತ್ತು, ಆದರೆ ಒಂದು ಚಿಪ್ಪಿನಲ್ಲಿ ಮೊಗೆದು ಹಾಕುವಷ್ಟೇ. ನಡುಹೊಳೆಯಲ್ಲಿ ಚಿಮಿಣಿ ಎಣ್ಣೆಗೆ ಬದಲಿಸಿದಾಗ ಎಂಜಿನ್ ಒಮ್ಮೆ ಮುಗ್ಗರಿಸಿ, ಆಮೇಲೆ ಹಳೆಯ ರಾಗಕ್ಕೆ ಬಂತು. ಆ ಸದ್ದಿಗೆ ನನಗೆ ಹತ್ತನೆಯ ಕ್ಲಾಸಿನ ಪರೀಕ್ಷೆಯ ಬೆಳಗುಗಳು, ಮಡಿಲಲ್ಲಿ ಟಿಫಿನ್ ಕ್ಯಾರಿಯರ್ ಇಟ್ಟುಕೊಂಡು ಚುಕ್ಕಾಣಿ ಹಿಡಿದ ಅಪ್ಪ, ಎಲ್ಲ ಒಟ್ಟಿಗೆ ಬಂದರು. ಅದನ್ನು ಯಾರಿಗೆ ಹೇಳಲಿ? ಆಚೆ ದಡ ಮುಟ್ಟಿದಾಗ ಚಿಕ್ಕಪ್ಪನ ಮಗ ಸೇತುವೆಯ ಮೇಲೆ ಸ್ಕೂಟರಿನಲ್ಲಿ ಬಂದು, ಗೋಳಿಬಜೆ ತಿಂದು ಮುಗಿಸಿ, ಕೈ ಒರೆಸಿಕೊಳ್ಳುತ್ತ ನಮಗಾಗಿ ಕಾಯುತ್ತಿದ್ದ.

ಉಪ್ಪುನೀರಿನಲ್ಲಿ ಓಡಿದ ಎಂಜಿನ್ನನ್ನು ಅದೇ ದಿನ ಸಿಹಿನೀರಿನಲ್ಲಿ ಐದು ನಿಮಿಷ ಓಡಿಸಿ ತೊಳೆಯಲೇಬೇಕೆಂದು ಹುಡುಗ ತಾಕೀತು ಮಾಡಿದ್ದ. ಸಂಜೆ ಎಂಜಿನ್ ಹೊತ್ತು ಹಿತ್ತಲಿಗೆ ಬಂದರೆ ಡ್ರಮ್ಮು ಜಾಗದಲ್ಲಿಲ್ಲ. ಕೊಟ್ಟಿಗೆಯಲ್ಲಿ ಹಿಂದೆ ದೋಣಿಯಿದ್ದ ಎರಡು ದಿಮ್ಮಿಗಳ ಮೇಲೆ ಅಡ್ಡಡ್ಡ ಮಲಗಿತ್ತು. ಸುತ್ತ ಸೌದೆ, ಮೇಲೆ ಹುಣಸೆಹಣ್ಣಿನ ಭರಣಿ. ಬಗ್ಗಿ ನೋಡಿದೆ. ಒಳಗೆ ಬೈಹುಲ್ಲಿನ ಮೇಲೆ ಇನ್ನೊಂದು ಹೇಂಟೆ, ಈ ಬಾರಿ ಕರಿಯದು.

"ಇವತ್ ಬೆಳಿಗ್ಗೆಯಷ್ಟೇ ಕೂತದ್ದ್ ಮಗಾ" ಎಂದರು ಅಮ್ಮ.