ಗುಜರಿ ಮೀಮಾಂಸೆ ಅಥವಾ ಸತ್ತ ಇಂಜಿನ್ನು ಟೀಪಾಯಿಯಾಗಿ ಹುಟ್ಟುವ ಪರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಿತ್ತಿಲು, ಕೊಟ್ಟಿಗೆ, ಅಟ್ಟ ಮತ್ತು ಬತ್ತಿದ ಬಾವಿಗಳ ದಂಡೆಯೇ ಈ ಪ್ರಬಂಧದ ಕ್ಷೇತ್ರ. ಅಲ್ಲಿ ಬಿದ್ದಿರುವ ಕಬ್ಬಿಣ, ಹಿತ್ತಾಳೆ ಬೆಂಗಳೂರಿನ ಫ್ಲಾಟುಗಳಲ್ಲಿ ದೀಪವಾಗಿಯೋ ಟೀಪಾಯಿಯಾಗಿಯೋ ಪುನರ್ಜನ್ಮ ಪಡೆಯುವುದು ಯಾವ ಕರ್ಮಫಲದಿಂದ ಎಂಬುದು ಪ್ರಮೇಯ. ಈ ಬಗ್ಗೆ ಹಿಂದೆ ಯಾರಾದರೂ ಪಿಎಚ್.ಡಿ. ಮಾಡಿದ್ದರೆ ಅದೂ ಇಷ್ಟು ಹೊತ್ತಿಗೆ ಗುಜರಿ ಅಂಗಡಿಯಲ್ಲಿ ಕೆ.ಜಿ. ಲೆಕ್ಕಕ್ಕೆ ಸಿಕ್ಕಬೇಕು.

ಪ್ರಥಮ ಸೂತ್ರ: ಕೆಲಸ ನಿಲ್ಲದೆ ಕಲೆ ಹುಟ್ಟದು.

ವ್ಯಾಖ್ಯಾನ: ಬಾವಿ ದಂಡೆಯ ಡೀಸೆಲ್ ಇಂಜಿನ್ನನ್ನೇ ನೋಡಿ. ಹ್ಯಾಂಡಲ್ ಹಾಕಿ ಉಸಿರು ಕಟ್ಟಿ ತಿರುವಿ, ಲಿವರ್ ಬಿಟ್ಟೊಡನೆ ಡುಬ್‌ಡುಬ್ ಎಂದು ಊರಿಗೇ ಕೇಳುವಂತೆ ಸದ್ದು ಮಾಡುತ್ತಿದ್ದ ಕಾಲದಲ್ಲಿ ಅದರ ಫ್ಲೈವೀಲು ಯಾರ ಕಣ್ಣಿಗೂ ಚಂದ ಕಂಡಿರಲಿಲ್ಲ. ಇಂಜಿನ್ನು ಮುದಿಯಾಗಿ ಸತ್ತಿತು ಎಂಬುದು ಪೂರ್ವಪಕ್ಷ. ಇದು ಸಲ್ಲದು. ದಂಡೆಯ ಮೇಲಿನ ಪಂಪು ನೀರನ್ನು ಸೆಳೆಯುವುದು ವಾಯುಭಾರದ ಬಲದಿಂದ. ಪುಸ್ತಕದ ಲೆಕ್ಕದಲ್ಲಿ 10.3 ಮೀಟರು, ರೈತನ ಲೆಕ್ಕದಲ್ಲಿ ಏಳೆಂಟು ಮೀಟರು. ನೀರು ಅದಕ್ಕಿಂತ ಕೆಳಗೆ ಇಳಿದಾಗ ಬಾವಿಯೊಳಗೇ ಮೆಟ್ಟು ಕೊರೆದು ಪಂಪನ್ನು ಇಳಿಸಿದರು. ನೀರು ಮತ್ತೂ ಇಳಿಯಿತು. ಆಮೇಲೆ ಬೋರ್‌ವೆಲ್ಲು, ಸಬ್‌ಮರ್ಸಿಬಲ್ ಮೋಟರು. ಇಂಜಿನ್ನು ಗಟ್ಟಿಮುಟ್ಟಾಗಿದ್ದೂ ನಿರುದ್ಯೋಗಿಯಾಯಿತು. ಆದ್ದರಿಂದ ಸಿದ್ಧಾಂತವೇನೆಂದರೆ, ಗಾಜು ಹೊದಿಸಿದ ಫ್ಲೈವೀಲ್ ಟೀಪಾಯಿಯು ಅಂತರ್ಜಲ ಮಟ್ಟದ ಅಧಿಕೃತ ದಾಖಲೆ. ಅದರ ಮೇಲೆ ಅತಿಥಿಗಳಿಗೆ ಬಾಟಲಿ ನೀರು ಇಡುವುದು ಶಾಸ್ತ್ರಸಮ್ಮತವೇ.

ದ್ವಿತೀಯ ಸೂತ್ರ ತುಕ್ಕಿನದು. ಗುಜರಿಯವನು ತಕ್ಕಡಿಗೆ ಹಾಕುವ ಮುನ್ನ, "ತುಕ್ಕಿಗೆಲ್ಲ ಕಾಸು ಕೊಡಕ್ಕಾಗಲ್ಲ ಸ್ವಾಮಿ, ಎರಡು ಕೆ.ಜಿ. ಕಳೀತೀನಿ" ಎನ್ನುತ್ತಾನೆ. ಅದೇ ತುಕ್ಕಿನ ಮೇಲೆ ಬೆಂಗಳೂರಿನ ಅಂಗಡಿಯವನು ವಾರ್ನಿಷ್ ಬಳಿದು ಬೆಲೆ ಕೂಡಿಸುತ್ತಾನೆ. ತುಕ್ಕಿಲ್ಲದ ಕಬ್ಬಿಣಕ್ಕೆ ತುಕ್ಕು ಬರಿಸಿ ಮಾರುವವರೂ ಇದ್ದಾರೆ. ಕಳೆಯುವ ಚಿಹ್ನೆ ಕೂಡುವ ಚಿಹ್ನೆಯಾಗುವ ಬಿಂದು ಹೆದ್ದಾರಿಯ ಯಾವ ಟೋಲ್‌ಗೇಟಿನಲ್ಲಿದೆ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

ಹೆದ್ದಾರಿ ಎಂದಾಗ ಶಿರಾದ ಚರಿತ್ರೆಯನ್ನು ನೆನೆಯದಿದ್ದರೆ ಪ್ರಬಂಧಕ್ಕೆ ಅಂಕ ಸಿಗದು. 1687ರಲ್ಲಿ ಮೊಗಲರು ಶಿರಾವನ್ನು ಸುಬಾದ ರಾಜಧಾನಿ ಮಾಡಿಕೊಂಡರು. ಆಮೇಲೆ ಟಿಪ್ಪು ಇಲ್ಲಿನ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಂಗೆ ಸಾಗಿಸಿದನೆಂದು ಗೆಜೆಟಿಯರ್ ಹೇಳುತ್ತದೆ. ಅಂದರೆ ಶಿರಾದ ಸರಕು ರಾಜಧಾನಿಯ ಕಡೆಗೆ ಹೊರಡುವುದಕ್ಕೆ ಪರಂಪರೆಯಿದೆ. ಅಂದು ಜನ ಹೋದರು, ಇಂದು ಗಾಡಿಚಕ್ರ.

ಸ್ಥಳೀಯರು ಈ ಕಲೆ ಅರಿಯರು ಎಂಬ ಆಕ್ಷೇಪಕ್ಕೆ ಒಂದೇ ಸಾಕ್ಷ್ಯ ಸಾಕು. ನಾಲ್ಕೂ ತಾಲ್ಲೂಕು ಕೇಂದ್ರಗಳು ರೈಲಿಗಾಗಿ ಕಾದಿವೆ. ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಹಾದುಹೋಗಬೇಕಾದ ತುಮಕೂರು-ರಾಯದುರ್ಗ ಮಾರ್ಗದ ಕಾಮಗಾರಿ ವರ್ಷಗಳಿಂದ ನಡೆದೇ ಇದೆ. ಆದರೂ ನಮ್ಮ ಶಾಲೆಗಳಲ್ಲಿ ಗಂಟೆಯಾಗಿ ತೂಗುತ್ತಿದ್ದದ್ದು ರೈಲುಕಂಬಿಯ ತುಂಡು! ಇಂದು ರೈಲಿನ ಸ್ಲೀಪರ್ ಮರದಿಂದ ಊಟದ ಮೇಜು ಮಾಡಿಸುವವರು ಆ ಗಂಟೆ ಕೇಳಿ ಓದಿದವರ ಶಿಷ್ಯರಷ್ಟೇ.

ಇನ್ನು ದೀಪಪ್ರಕರಣ. ಇದು ಪ್ರಬಂಧದ ಜೀವಾಳ. ಪೆಟ್ರೋಮ್ಯಾಕ್ಸ್ ಅನ್ನು ನಮ್ಮವರು ಗ್ಯಾಸ್‌ಲೈಟು ಎಂದೇ ಕರೆದರು. ಹಿತ್ತಾಳೆ ಟ್ಯಾಂಕಿಗೆ ಸೀಮೆಎಣ್ಣೆ, ಕಾಯಿಸಲು ಒಂದಿಷ್ಟು ಸ್ಪಿರಿಟ್ಟು, ಮೇಲೆ ರೇಷ್ಮೆಯಂಥ ಮ್ಯಾಂಟಲ್ಲು. ಅದು ಸುಟ್ಟು ಬೂದಿಯಾದ ಮೇಲೇ ಬೆಳ್ಳಗೆ ಬೆಳಗುತ್ತದೆ. ವೈರಾಗ್ಯಶಾಸ್ತ್ರಕ್ಕೆ ಇದಕ್ಕಿಂತ ಉದಾಹರಣೆ ಬೇಕೆ? ಆಸ್ಟ್ರಿಯಾದ ಕಾರ್ಲ್ ಆಯರ್ ಫಾನ್ ವೆಲ್ಸ್‌ಬಾಖ್ 1891ರಲ್ಲಿ ಹೊಂದಿಸಿದ ಪಾಕದಲ್ಲಿ ಶೇ. 99 ಥೋರಿಯಂ ಆಕ್ಸೈಡ್, ಶೇ. 1 ಸೀರಿಯಂ ಆಕ್ಸೈಡ್. ಬಯಲಲ್ಲಿ ಕುರುಕ್ಷೇತ್ರ ನಾಟಕ ನಡೆಯುವಾಗ ದುರ್ಯೋಧನನ ಅಬ್ಬರದ ನಡುವೆ ದೀಪ ಮಂಕಾದರೆ, ಲುಂಗಿ ಎತ್ತಿ ಕಟ್ಟಿದವನೊಬ್ಬ ರಂಗಕ್ಕೇ ಬಂದು ಬುಸ್‌ಬುಸ್ ಎಂದು ಪಂಪು ಹೊಡೆದು ಹೋಗುತ್ತಿದ್ದ. ಅಷ್ಟು ಹೊತ್ತೂ ದುರ್ಯೋಧನ ಗದೆ ಹೊತ್ತು ಕಾಯಲೇಬೇಕಿತ್ತು. ಕುರುಕುಲದಲ್ಲಿ ಆ ಪಂಪಿನವನಷ್ಟು ಅಧಿಕಾರ ಇನ್ಯಾರಿಗೂ ಇರಲಿಲ್ಲ.

ಈಗ ಅದೇ ಟ್ಯಾಂಕಿಗೆ ತೂತು ಹೊಡೆದು, ವೈರು ತೂರಿಸಿ, ನಾಲ್ಕು ವ್ಯಾಟಿನ ಎಲ್‌ಇಡಿ ಎಡಿಸನ್ ಬಲ್ಬು ಇಡುತ್ತಾರೆ. ಹೊಂಬಣ್ಣದ ಮಂದ ಬೆಳಕು. ಓದಲು ಕೂತರೆ ಅಕ್ಷರ ಕಾಣದು. ಇದಕ್ಕೆ ದುಡ್ಡು ಕೊಡುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ಲೋ ವೋಲ್ಟೇಜಿನ ಕಾಲದಲ್ಲಿ ಪಾವಗಡದ ಪ್ರತಿ ಮನೆಗೂ ಈ ಬೆಳಕು ಪುಕ್ಕಟೆ ಸಿಗುತ್ತಿತ್ತು.

ಪಾವಗಡದಲ್ಲಿ ಎರಡು ವಿಶೇಷ ವಿಧಿಗಳು. ಮೊದಲನೆಯದು ಶನಿಮಹಾತ್ಮನಿಗೆ ಸಂಬಂಧಿಸಿದ್ದು. ಕಬ್ಬಿಣ ಶನಿಯ ಲೋಹ, ಶನಿವಾರ ಅದನ್ನು ಮನೆಗೆ ತರಬಾರದು ಎಂಬುದು ನಂಬಿಕೆ. ಹಳೇ ಕಬ್ಬಿಣ ಹುಡುಕಿಕೊಂಡು ಬೆಂಗಳೂರಿನವರು ಕಾರಿನಲ್ಲಿ ಬರುವುದು ವೀಕೆಂಡಿನಲ್ಲೇ, ಅಂದರೆ ಶನಿವಾರವೇ. ದೋಷಪರಿಹಾರಕ್ಕೆ ಅಲ್ಲೇ ದೇವಸ್ಥಾನವೂ ಇರುವುದು ಅನುಕೂಲ. ಎರಡನೆಯದು ತಿರುಮಣಿಯ ಸೋಲಾರ್ ಪಾರ್ಕು: ಸುಮಾರು 13,000 ಎಕರೆ, 2,050 ಮೆಗಾವ್ಯಾಟ್, 2018ರಲ್ಲಿ ಚಾಲನೆ. ಪ್ಯಾನಲ್ಲುಗಳ ಆಯುಸ್ಸು ಇಪ್ಪತ್ತೈದು ವರ್ಷದ ಆಸುಪಾಸು. ಆದಕಾರಣ 2043ರ ಹೊತ್ತಿಗೆ ನೀಲಿ ಗಾಜಿನ ಡೈನಿಂಗ್ ಟೇಬಲ್ಲುಗಳಿಗೆ ಈಗಲೇ ಮುಂಗಡ ಕೊಡಬಹುದು.

ಶಾಸ್ತ್ರ ಇಷ್ಟಕ್ಕೆ ಸಾಕು. ಇನ್ನು ವ್ಯವಹಾರದ ಎರಡು ಮಾತು. ಹಿತ್ತಾಳೆ ಗ್ಯಾಸ್‌ಲೈಟು ಸಿಕ್ಕಿದರೆ ದಯವಿಟ್ಟು ಟ್ಯಾಂಕಿಗೆ ತೂತು ಹೊಡೆಸಬೇಡಿ, ವೈರನ್ನು ಹೊರಗಿನಿಂದಲೇ ತನ್ನಿ. ವಾಷರು ಬದಲಿಸಿದರೆ ಅದು ಇನ್ನೂ ಉರಿಯುತ್ತದೆ. ಲೋಹದ ಮೈಯ ಯಾವ ದೀಪಕ್ಕೂ ಅರ್ಥಿಂಗ್ ಕೊಡಿಸಿ, ಮೂರು ಪಿನ್ನಿನ ಪ್ಲಗ್ಗೇ ಹಾಕಿಸಿ.