ಬೆಕ್ಕಿನ ಕೊಂಡಿ

ಬೇಸಿಗೆ ರಜೆಗೆ ಇಳಕಲ್ಲಿಗೆ ಹೋದಾಗ ಅಣ್ಣನ ಆರನೇ ಇಯತ್ತೆಯ ಮಗಳಿಗೆ ಪ್ರೋಗ್ರಾಮಿಂಗ್ ಕಲಿಸುವ ಹುಕಿ ಬಂತು. ಲ್ಯಾಪ್‌ಟಾಪಿನಲ್ಲಿ ಸ್ಕ್ರ್ಯಾಚ್ ತೆರೆದೆ. ಅಮೆರಿಕದ ಎಂಐಟಿಯವರು 2007ರಲ್ಲಿ ಮಕ್ಕಳಿಗೆಂದೇ ಬಿಟ್ಟದ್ದು. ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಕೇಸರಿ ಬೆಕ್ಕೊಂದು ಹೇಳಿದಂತೆ ಕೇಳುತ್ತದೆ. ನಮ್ಮ ಮನೆಯಲ್ಲಿ ಹೇಳಿದ್ದು ಕೇಳುವ ಜೀವ ಅದೊಂದೇ.

'10 ಹೆಜ್ಜೆ ನಡಿ' ಅಂದೆವು, ನಡೆಯಿತು. 'ನಡೀತಾನೇ ಇರು' ಅಂದೆವು. ಪರದೆಯ ಅಂಚು ದಾಟಿ ಹೋಗಿ ಬಾಲವಷ್ಟೇ ಉಳಿಯಿತು.

"ಕಾಕಾ, ಬೆಕ್ಕು ಹಳ್ಳಕ್ಕ ಬಿತ್ತು!"

"ಇದಕ್ಕ ಲೂಪ್ ಅಂತಾರವಾ" ಎಂದೆ, ಗತ್ತಿನಿಂದ.

ಮಗ್ಗದ ಮುಂದಿದ್ದ ಅವ್ವ ತಲೆ ಎತ್ತಲಿಲ್ಲ. "ಅದರಾಗೇನೈತಿ? ನಾವು ಹಾಕೋ ಕೊಂಡಿ ಮತ್ತೇನು?"

ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಅವ್ವನಿಗೆ ಅದು ಉಸಿರಾಡಿದಷ್ಟು ಸಲೀಸು. ನಾನು ಸೋಲದೆ, 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಮಗ್ಗಕ್ಕೆ ತೂತಿನ ರಟ್ಟು ಕಟ್ಟಿದ್ದು, ಆಮೇಲೆ ಬ್ಯಾಬೇಜ್ ಅದೇ ಉಪಾಯವನ್ನು ತನ್ನ ಲೆಕ್ಕದ ಯಂತ್ರಕ್ಕೆ ಎತ್ತಿಕೊಂಡದ್ದು, ಎಲ್ಲ ಒದರಿದೆ. ಹೇಳಬಾರದಿತ್ತು.

"ಹಂಗಾರ ನಿನ್ನ ಪಗಾರದಾಗ ನೇಕಾರರ ಪಾಲೈತಿ. ತಿಂಗಳಾ ಕಳಸು."

ಅಷ್ಟರಲ್ಲಿ ಕರೆಂಟು ಹೋಯಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ತೀರಿಕೊಂಡು ವರ್ಷವಾಗಿದೆ. ಬೆಕ್ಕು ಬಾಲದ ಸಮೇತ ಮಾಯ. ಕೈಮಗ್ಗ ಮಾತ್ರ ಲಟಕ್ ಲಟಕ್ ಎನ್ನುತ್ತಲೇ ಇತ್ತು. ಹುಡುಗಿ ಎದ್ದು ಅಜ್ಜಿಯ ಪಕ್ಕ ಹೋಗಿ ಕೂತಳು.