ಸರಳ ಮದುವೆ

(ತೀರ್ಥಹಳ್ಳಿಯ ಹೋಟೆಲು. ಬೈಟು ಕಾಫಿ.)

“ಗೌಡ್ರೇ, ಮಗನ ಮದ್ವೆ ಜೋರಾ?”

“ಇಲ್ಲ ಮಾರಾಯ, ಸರಳ. ಮಂತ್ರಮಾಂಗಲ್ಯ. 1966ರಲ್ಲಿ ತೇಜಸ್ವಿಯವರದು ಆಗಿತ್ತಲ್ಲ, ಹಾಂಗೆ.”

“ಹಂಗಾರೆ ಕುಪ್ಪಳೀಲಿ?”

“ರೆಸಾರ್ಟಲ್ಲಿ. ಮೂರು ದಿನ.”

“ಪುರೋಹಿತರು?”

“ಅವೆಲ್ಲ ಮೂಢನಂಬಿಕೆ. ಫೋಟೋಗ್ರಾಫರ್ ಹೇಳ್ದಂಗೆ ಕೇಳೋದು.”

“ಮುಹೂರ್ತ?”

“ಡ್ರೋನ್ ಬ್ಯಾಟರಿ ಇರೋವರೆಗೂ ಶುಭವೇ.”

“ತಾಳಿಗೆ ಮೂರು ಗಂಟು ಉಂಟಲ್ಲ?”

“ಗಂಟು ಒಂದೇ, ಟೇಕು ಮೂರು.”

“ಕುವೆಂಪು ಪುಸ್ತಕ ಓದ್ತಾರೆ ತಾನೆ?”

“ಓದ್ದೆ? ಇಂಗ್ಲಿಷ್ ಅಕ್ಷರದಲ್ಲಿ ಬರೆಸಿದೀವಿ.”

“ವರದಕ್ಷಿಣೆ?”

“ಛೆ ಛೆ! ನಮ್ಮ ಹುಡುಗ ತಾಳಿ ಕಟ್ತಾನೆ, ಬೀಗರು ಬಿಲ್ಲು ಕಟ್ತಾರೆ. ಅಷ್ಟೇ.”

“ಪಾಪ, ದುಡ್ಡು?”

“ಸಾಲ ಮಾಡಿದಾರೆ.”

“ಸರಳ ಬಡ್ಡಿಯಾ?”

“ಇಲ್ಲಪ್ಪ, ಚಕ್ರಬಡ್ಡಿ.”

(ಕಾಫಿ ಬಿಲ್ಲು ನಾನೇ ಕೊಟ್ಟೆ.)